ಆಗಸದಿಂದಿಳಿದ ಸಂಜೀವಿನಿ

ಮೂರ್ಛೆಹೋದ ಲಕ್ಷ್ಮಣನಿಗಾಗಿ ಆಂಜನೇಯನು ಸಂಜೀವಿನಿಯನ್ನು ತರಲು ಆಕಾಶಕ್ಕೆ ನೆಗೆದ ಕಥೆಯನ್ನು ಕೇಳದೆ ಬೆಳೆದ ಮಕ್ಕಳು ನಮ್ಮ ನಾಡಿನಲ್ಲಿ ವಿರಳ. ಬೇಕಾದ ಮೂಲಿಕೆ ಯಾವುದೆಂದು ಗುರುತಿಸಲಾರದೆ ಆತನು ಬೆಟ್ಟವನ್ನೇ ಕಿತ್ತು ಹೊತ್ತು ತಂದನಂತೆ. ಆ ಮಹಾಯುದ್ಧದಲ್ಲಿ ಬಾಣ ಬಿಡುವವರಿಗೆ ಎರಡು ಪಕ್ಷಗಳಲ್ಲಿಯೂ ಕೊರತೆಯಿರಲಿಲ್ಲ. ಮದ್ದಿಗಾಗಿ ಹಾರಿದವನು ಮಾತ್ರ ಒಬ್ಬನೇ. ಯುದ್ಧಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗೆದ್ದವರ ಹೆಸರನ್ನೂ ಬಿದ್ದವರ ಲೆಕ್ಕವನ್ನೂ ಬರೆಯುತ್ತಾರೆ. ಬದುಕಿಸಿದವರ ಪ್ರಕರಣ ಅಡಿಟಿಪ್ಪಣಿಯಲ್ಲಿಯೇ ಮುಗಿದುಹೋಗುತ್ತದೆ. ಅಂತಹ ಅಡಿಟಿಪ್ಪಣಿಯಿಂದ ಮೇಲಕ್ಕೆತ್ತಿ ಓದಬೇಕಾದ ಒಂದು ದಳದ ವೃತ್ತಾಂತವಿದು.

ಬೆಂಗಳೂರಿನ ಬೀದಿಗಳಲ್ಲಿ ಕೆಂಗಂದು ಬಣ್ಣದ ಟೊಪ್ಪಿಗೆಯನ್ನು ಓರೆಯಾಗಿ ಧರಿಸಿದ ಯೋಧರು ಆಗಾಗ ಕಣ್ಣಿಗೆ ಬೀಳುವುದುಂಟು. ಭಾರತೀಯ ಸೇನೆಯ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರವು ಈ ನಗರದಲ್ಲಿಯೇ ಇದೆ. ಆ ಟೊಪ್ಪಿಗೆಯನ್ನು ಕಂಡೊಡನೆ ಜನರಿಗೆ ನೆನಪಾಗುವುದು 1971ರ ಡಿಸೆಂಬರ್ 11ರಂದು ಟಾಂಗೈಲಿನ ಬಯಲಿಗೆ ಧುಮುಕಿದ ಪಡೆ. ಅಥವಾ 1988ರ ನವೆಂಬರಿನಲ್ಲಿ ರಾತ್ರೋರಾತ್ರಿ ಮಾಲ್ಡೀವ್ಸಿಗೆ ಹಾರಿ ಅಲ್ಲಿಯ ಸರ್ಕಾರವನ್ನು ಉಳಿಸಿದ ಪಡೆ. ಶತ್ರುವಿನ ಬೆನ್ನ ಹಿಂದೆ ಹಠಾತ್ತನೆ ಇಳಿದು ಸೇತುವೆಯನ್ನೋ ವಿಮಾನ ನಿಲ್ದಾಣವನ್ನೋ ಹಿಡಿಯುವುದು ಛತ್ರಿದಳಗಳ ಧರ್ಮ. ಆದರೆ ಅದೇ ಟೊಪ್ಪಿಗೆಯನ್ನು ಧರಿಸಿ, ಅದೇ ವಿಮಾನಗಳಿಂದ ಜಿಗಿಯುವ ಇನ್ನೊಂದು ದಳವಿದೆ. ಅದರ ಪೆಟ್ಟಿಗೆಗಳಲ್ಲಿರುವುದು ಕತ್ತರಿ, ಸೂಜಿ, ದಾರ, ಅರಿವಳಿಕೆಯ ಔಷಧ. 60ನೆಯ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಎಂಬುದು ಅದಕ್ಕೆ ಸೈನ್ಯದ ದಫ್ತರಿನಲ್ಲಿದ್ದ ಹೆಸರು. ಜನರು ಪ್ರೀತಿಯಿಂದ ಇಟ್ಟ ಹೆಸರು ಬೇರೆ: ಕೆಂಗಂದು ದೇವದೂತರು.

ಹೆಸರೊಂದು, ಕೆಲಸವೊಂದು

ಆಂಬುಲೆನ್ಸ್ ಎಂದರೆ ಗಂಟೆ ಬಾರಿಸುತ್ತ ಓಡುವ ಬಿಳಿಯ ಗಾಡಿಯೆಂದು ನಗರವಾಸಿಗಳು ಭಾವಿಸುವುದು ಸಹಜ. ಸೈನ್ಯದ ಪರಿಭಾಷೆಯಲ್ಲಿ ಅದು ಗಾಡಿಯಲ್ಲ. ನಡೆದಾಡುವ ಒಂದು ಆಸ್ಪತ್ರೆ. ಗಾಯಗೊಂಡ ಸೈನಿಕನಿಗೆ ಮೊದಲು ಸಿಕ್ಕುವುದು ಅವನ ತುಕಡಿಯದೇ ಆದ ಪ್ರಥಮ ಚಿಕಿತ್ಸೆಯ ತಾಣ. ಅಲ್ಲಿ ರಕ್ತ ಸೋರುವುದನ್ನು ತಡೆದು ಪಟ್ಟಿ ಕಟ್ಟುತ್ತಾರೆ. ದೊಡ್ಡ ಆಸ್ಪತ್ರೆಯಾದರೋ ಹತ್ತಾರು ಮೈಲಿ ಹಿಂದೆ ಇರುತ್ತದೆ. ಇವೆರಡರ ನಡುವಿನ ದಾರಿಯಲ್ಲಿಯೇ ಬಹುಮಂದಿ ಪ್ರಾಣ ಬಿಡುವುದು. ಆ ನಡುವಣ ದಾರಿಯನ್ನು ಕಾಯುವುದೇ ಫೀಲ್ಡ್ ಆಂಬುಲೆನ್ಸಿನ ಕೆಲಸ. ಶಸ್ತ್ರವೈದ್ಯರು, ಅರಿವಳಿಕೆ ಕೊಡುವವರು, ಶುಶ್ರೂಷಕರು, ಡೋಲಿ ಹೊರುವವರು, ಚಾಲಕರು, ಅಡುಗೆಯವರು ಎಲ್ಲರೂ ಆ ಒಂದೇ ಸಂಸಾರದವರು. ಸೈನ್ಯ ಮುಂದೆ ಹೋದರೆ ಡೇರೆ ಕಿತ್ತು ಮುಂದೆ ಹೋಗಬೇಕು. ಹಿಂದೆ ಸರಿದರೆ ರೋಗಿಗಳೊಡನೆ ಹಿಂದೆ ಸರಿಯಬೇಕು.

ಛತ್ರಿದಳದೊಡನಿರುವ ಆಂಬುಲೆನ್ಸಿಗೆ ಇನ್ನೊಂದು ಕಷ್ಟವುಂಟು. ಅಲ್ಲಿ ಮುಂದು ಹಿಂದು ಎಂಬುದೇ ಇಲ್ಲ. ಇಳಿದವರ ಸುತ್ತಲೂ ಶತ್ರುಗಳು; ಗಾಯಾಳುವನ್ನು ಹಿಂದಕ್ಕೆ ಸಾಗಿಸಲು ರಸ್ತೆಯೇ ಇರುವುದಿಲ್ಲ. ಆದಕಾರಣ ಶಸ್ತ್ರವೈದ್ಯನೇ ಯೋಧನೊಡನೆ ಆಕಾಶದಿಂದ ಇಳಿಯಬೇಕು; ಶಸ್ತ್ರಕ್ರಿಯೆಯ ಮೇಜು ಬೇರೊಂದು ಛತ್ರಿಗೆ ಜೋತುಬಿದ್ದು ಬರಬೇಕು. ವಿಮಾನದೊಳಗೆ ಉದ್ದಕ್ಕೂ ಒಂದು ತಂತಿಯನ್ನು ಬಿಗಿದಿರುತ್ತಾರೆ. ಪ್ರತಿಯೊಬ್ಬನ ಬೆನ್ನ ಮೇಲಿನ ಛತ್ರಿಯಿಂದ ಹೊರಟ ಪಟ್ಟಿಯ ಕೊಕ್ಕೆಯನ್ನು ಆ ತಂತಿಗೆ ಸಿಕ್ಕಿಸುವುದು ಕ್ರಮ. ಜಿಗಿದೊಡನೆ ಮೈಯ ಭಾರವೇ ಪಟ್ಟಿಯನ್ನು ಎಳೆದು ಛತ್ರಿಯನ್ನು ಬಿಡಿಸುತ್ತದೆ. ವೈದ್ಯನೆಂದು ವಿನಾಯಿತಿಯಿಲ್ಲ. ಸಿಪಾಯಿ ಕಲಿತಂತೆಯೇ ಆತನೂ ಕಲಿಯಬೇಕು, ಜಿಗಿಯಬೇಕು, ನೆಲಕ್ಕೆ ಉರುಳಿ ಏಳಬೇಕು. ಒಂದು ವ್ಯತ್ಯಾಸವೆಂದರೆ, ಎದ್ದ ಮೇಲೆ ಅವನ ಕೈ ನಡುಗಕೂಡದು.

ಮೊದಲು ಜಿಗಿದವನು ವೈದ್ಯ

ಭಾರತದಲ್ಲಿ ಛತ್ರಿಸೈನ್ಯದ ಬೀಜ ಬಿದ್ದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. 1941ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ 50ನೆಯ ಭಾರತೀಯ ಪ್ಯಾರಾಚೂಟ್ ಬ್ರಿಗೇಡ್ ರೂಪುಗೊಂಡಿತು. ಬ್ರಿಟಿಷರದೊಂದು, ಭಾರತೀಯರದೊಂದು, ಗೂರ್ಖರದೊಂದು, ಹೀಗೆ ಮೂರು ಪಟಾಲಮುಗಳು. ಛತ್ರಿಗಳಾದರೋ ಎಣಿಸಿದಷ್ಟು, ವಿಮಾನಗಳು, ಮೇಲೊಂದು ಕೆಳಗೊಂದು ಜೋಡಿರೆಕ್ಕೆಯಿದ್ದ ವ್ಯಾಲೆಂಷಿಯ ಎಂಬ ಹಳೆಯ ಮಾದರಿಯವು. ಅದೇ ತಿಂಗಳು 15ರಂದು ಕರಾಚಿಯಲ್ಲಿ ನಡೆದ ಮೊದಲ ಪರೀಕ್ಷೆಯಲ್ಲಿ ಜಿಗಿದ ಭಾರತೀಯರು ಇಬ್ಬರು. ಒಬ್ಬರು ಹವಿಲ್ದಾರ್ ಮೇಜರ್ ಮಥುರಾ ಸಿಂಗ್. ಮತ್ತೊಬ್ಬರು 152ನೆಯ ಪಟಾಲಮಿನ ವೈದ್ಯಾಧಿಕಾರಿ, ಎ. ಜಿ. ರಂಗರಾಜ್.

ಭಾರತದ ಮೊದಲ ಛತ್ರಿಯೋಧರಲ್ಲೊಬ್ಬರು ವೈದ್ಯರಾಗಿದ್ದರೆಂಬುದು ಆಕಸ್ಮಿಕವಿರಬಹುದು. ಆದರೆ ಆಮೇಲೆ ನಡೆದುದನ್ನು ನೋಡಿದರೆ ಅದೊಂದು ಶುಭಶಕುನದಂತೆ ತೋರುತ್ತದೆ. ಬ್ರಿಗೇಡು 1944ರ ಮಾರ್ಚಿಯಲ್ಲಿ ಮಣಿಪುರದ ಸಾಂಗ್‌ಶಾಕ್ ಗುಡ್ಡದ ಮೇಲೆ ಜಪಾನಿ ಸೈನ್ಯವನ್ನು ಕೆಲವು ದಿನ ತಡೆದು ನಿಲ್ಲಿಸಿ, ಕುಡಿಯುವ ನೀರಿಗೂ ತತ್ವಾರಪಟ್ಟು, ಅಪಾರ ನಷ್ಟವನ್ನು ಅನುಭವಿಸಿತು. 1942ರಲ್ಲಿ ಹುಟ್ಟಿದ 60ನೆಯ ಫೀಲ್ಡ್ ಆಂಬುಲೆನ್ಸು ಬರ್ಮಾದ ಕಾಳಗದಲ್ಲಿ ಪಳಗಿತು. ಸ್ವಾತಂತ್ರ್ಯ ಬಂದು ಸೈನ್ಯವನ್ನು ಎರಡು ದೇಶಗಳು ಹಂಚಿಕೊಂಡಾಗ ಅದು ಭಾರತದ ಪಾಲಿಗೆ ಉಳಿಯಿತು. 1950ರ ಹೊತ್ತಿಗೆ ಅದರ ನಾಯಕರಾಗಿದ್ದವರು ಲೆಫ್ಟಿನೆಂಟ್ ಕರ್ನಲ್ ರಂಗರಾಜ್.

ಬಂದೂಕಿನ ಬದಲು ಮದ್ದು

1950ರ ಜೂನ್ 25ರಂದು ಉತ್ತರ ಕೊರಿಯದ ಸೈನ್ಯವು 38ನೆಯ ಅಕ್ಷಾಂಶದ ಗಡಿಯನ್ನು ದಾಟಿ ದಕ್ಷಿಣಕ್ಕೆ ನುಗ್ಗಿತು. ದಕ್ಷಿಣ ಕೊರಿಯಕ್ಕೆ ನೆರವಾಗಬೇಕೆಂದು ವಿಶ್ವಸಂಸ್ಥೆ ತನ್ನ ಸದಸ್ಯರನ್ನು ಕರೆಯಿತು. ಅಮೆರಿಕ, ಬ್ರಿಟನ್, ತುರ್ಕಿ ಮೊದಲಾದ ರಾಷ್ಟ್ರಗಳು ಸೈನ್ಯ ಕಳುಹಿಸಿದವು. ಗಣರಾಜ್ಯವಾಗಿ ಆರು ತಿಂಗಳೂ ತುಂಬದ ಭಾರತದ ಮುಂದೆ ಧರ್ಮಸಂಕಟವೊಂದು ನಿಂತಿತು. ಆಕ್ರಮಣವನ್ನು ಖಂಡಿಸದೆ ಇರುವಂತಿರಲಿಲ್ಲ. ಮಹಾಶಕ್ತಿಗಳ ಜಗಳದಲ್ಲಿ ಒಂದು ಪಕ್ಷದ ಆಯುಧವಾಗಲು ಮನಸ್ಸೂ ಇರಲಿಲ್ಲ. ಜವಾಹರಲಾಲ್ ನೆಹರೂ ಅವರ ಸರ್ಕಾರವು ಆಕ್ರಮಣವನ್ನು ಖಂಡಿಸಿತು, ಆದರೆ ಕಾದುವ ಸೈನ್ಯವನ್ನು ಕಳುಹಿಸಲಿಲ್ಲ. ಅದರ ಬದಲು ತನ್ನ ಛತ್ರಿದಳದ ಆಸ್ಪತ್ರೆಯನ್ನು ಕಳುಹಿಸಿತು.

ಇದು ಅರೆಮನಸ್ಸಿನ ನೆರವಲ್ಲವೇ ಎಂದು ಕೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ಕಾದಾಡುವವನಿಗಿಂತ ಕಟ್ಟು ಕಟ್ಟುವವನ ಪಾಲು ಕಿರಿದೆಂಬ ಎಣಿಕೆಯೇ ಆ ಪ್ರಶ್ನೆಯ ಬೇರು. ಅದಕ್ಕೆ ಉತ್ತರ ದೆಹಲಿಯ ಭಾಷಣಗಳಲ್ಲಿಲ್ಲ, ಕೊರಿಯದ ಹಿಮದಲ್ಲಿದೆ.

1950ರ ನವೆಂಬರ್ 20ರಂದು ಸುಮಾರು ಮುನ್ನೂರೈವತ್ತು ಜನರ ಈ ದಳವು ಪೂಸಾನ್ ಬಂದರಿನಲ್ಲಿ ಇಳಿಯಿತು. ಆ ಹೊತ್ತಿಗೆ ಯುದ್ಧ ಮುಗಿಯಿತೆಂದೇ ಬಹುಮಂದಿ ನಂಬಿದ್ದರು. ವಿಶ್ವಸಂಸ್ಥೆಯ ಸೈನ್ಯ ಉತ್ತರ ಕೊರಿಯದ ರಾಜಧಾನಿ ಪ್ಯಾಂಗ್‌ಯಾಂಗನ್ನು ಹಿಡಿದು ಚೀನದ ಗಡಿಯ ಕಡೆಗೆ ಸಾಗುತ್ತಿತ್ತು. 38ನೆಯ ಅಕ್ಷಾಂಶವನ್ನು ದಾಟಿದರೆ ಚೀನ ಸುಮ್ಮನಿರದೆಂದು ಪೀಕಿಂಗಿನಲ್ಲಿದ್ದ ಭಾರತದ ರಾಯಭಾರಿ ಕೆ. ಎಂ. ಪಣಿಕ್ಕರ್ ಮೊದಲೇ ಎಚ್ಚರಿಕೆ ಮುಟ್ಟಿಸಿದ್ದರು; ಕೇಳಬೇಕಾದವರು ಕೇಳಲಿಲ್ಲ. ಭಾರತೀಯ ವೈದ್ಯರು ಪ್ಯಾಂಗ್‌ಯಾಂಗ್ ಸೇರುವ ಹೊತ್ತಿಗೆ ಚೀನದ ಸೈನ್ಯ ಪ್ರವಾಹದಂತೆ ಇಳಿದು ಬಂದಿತ್ತು. ಗೆದ್ದೆವೆಂದು ಬೀಗುತ್ತಿದ್ದ ಪಡೆಗಳು ದಕ್ಷಿಣಕ್ಕೆ ಮುಖ ತಿರುಗಿಸಿದ್ದವು.

ಬಿಟ್ಟುಬರಲೊಲ್ಲದ ಗಂಟು

ಡಿಸೆಂಬರಿನ ಮೊದಲ ವಾರ. ಪ್ಯಾಂಗ್‌ಯಾಂಗನ್ನು ತೆರವು ಮಾಡಬೇಕೆಂಬ ಆಜ್ಞೆ ಹೊರಟಿತು. ಭಾರತೀಯ ದಳಕ್ಕೆ ಸಾಕಷ್ಟು ವಾಹನಗಳಿರಲಿಲ್ಲ. ಸಾಮಾನುಗಳನ್ನು ಅಲ್ಲಿಯೇ ಬಿಟ್ಟು ಜನರಷ್ಟೇ ಹೊರಡುವುದು ಸುಲಭವಾದ ದಾರಿಯಾಗಿತ್ತು. ಇತರರು ಹಾಗೆಯೇ ಮಾಡುತ್ತಿದ್ದರು. ನಗರದ ತುಂಬ ಸರಕಿನ ರಾಶಿಗಳು ಉರಿಯುತ್ತಿದ್ದವು.

ಆದರೆ ಶಸ್ತ್ರಕ್ರಿಯೆಯ ಉಪಕರಣವಿಲ್ಲದ ಶಸ್ತ್ರವೈದ್ಯನೆಂದರೆ ಏನು? ಗಾಯಾಳುವಿನ ಪಕ್ಕದಲ್ಲಿ ಕೈಕಟ್ಟಿ ನಿಂತ ಒಬ್ಬ ಸಾಕ್ಷಿ, ಅಷ್ಟೆ. ಊರಿನಿಂದ ಸಾವಿರಾರು ಮೈಲಿ ದೂರದಲ್ಲಿ ಆ ಪೆಟ್ಟಿಗೆಗಳು ಒಮ್ಮೆ ಹೋದರೆ ಮತ್ತೆ ಬೇಗನೆ ದೊರಕುವಂತಿರಲಿಲ್ಲ. ದಳವು ತನ್ನ ಬೆಟ್ಟವನ್ನು ಬಿಟ್ಟುಬರಲು ಒಪ್ಪಲಿಲ್ಲ. ಹುಡುಕಾಡಿದಾಗ ರೈಲು ನಿಲ್ದಾಣದಲ್ಲಿ ಹಳೆಯ ಉಗಿಯಂತ್ರವೊಂದೂ ಕೆಲವು ಬಂಡಿಗಳೂ ಸಿಕ್ಕಿದವು. ನೀರು ತುಂಬುವ ವ್ಯವಸ್ಥೆ ಕೆಟ್ಟುಹೋಗಿತ್ತು. ಜವಾನರು ಸಾಲುಗಟ್ಟಿ ನಿಂತು, ಬಕೀಟುಗಳನ್ನು ಕೈಯಿಂದ ಕೈಗೆ ಸಾಗಿಸಿ, ಆ ಯಂತ್ರದ ಹೊಟ್ಟೆಯನ್ನು ತುಂಬಿಸಿದರು. ಸಿಕ್ಕಿದ ಕಟ್ಟಿಗೆಯನ್ನು ಒಲೆಗೆ ಒಟ್ಟಿದರು. ರೈಲು ನಡೆಸಿದ ಅನುಭವವಿದ್ದ ಇಬ್ಬರು ಜವಾನರು ದಳದಲ್ಲಿಯೇ ದೊರೆತರು. ಪೆಟ್ಟಿಗೆಗಳನ್ನು ಹೇರಿಕೊಂಡು, ಹೊಗೆ ಕಾರುತ್ತ, ಆ ಮುದಿಯಂತ್ರ ನದಿಯ ಸೇತುವೆಯನ್ನು ದಾಟಿತು. ಅದರ ಹಿಂದೆಯೇ ಸೇತುವೆಯನ್ನು ಸಿಡಿಸಲಾಯಿತು.

ಈ ಸಾಹಸದಲ್ಲಿ ಒಂದು ಗುಂಡೂ ಹಾರಲಿಲ್ಲ, ಒಬ್ಬ ಶತ್ರುವೂ ಬೀಳಲಿಲ್ಲ. ಆದರೂ ಮುಂದಿನ ಮೂರು ವರ್ಷಗಳ ಎಲ್ಲ ಕೆಲಸವೂ ಆ ಬಕೀಟುಗಳ ಸಾಲಿನ ಮೇಲೆ ನಿಂತಿತೆಂದರೆ ಅತಿಶಯೋಕ್ತಿಯಲ್ಲ. ಅಂದು ಅವರು ಬರಿಗೈಯಲ್ಲಿ ಹಿಂದಿರುಗಿದ್ದರೆ ಆಸ್ಪತ್ರೆಯ ಹೆಸರು ಉಳಿಯುತ್ತಿತ್ತು, ಆಸ್ಪತ್ರೆ ಉಳಿಯುತ್ತಿರಲಿಲ್ಲ.

ಮುನ್‌ಸನ್‌ನಿಯ ಬಯಲು

ಆ ಬಳಿಕ ದಳವು ಎರಡಾಗಿ ಒಡೆಯಿತು. ರಂಗರಾಜ್ ಅವರ ಭಾಗ ಬ್ರಿಟಿಷ್, ಆಸ್ಟ್ರೇಲಿಯನ್ ಮೊದಲಾದ ಪಟಾಲಮುಗಳಿದ್ದ 27ನೆಯ ಕಾಮನ್‌ವೆಲ್ತ್ ಬ್ರಿಗೇಡಿನ ಬೆನ್ನಿಗೆ ನಿಂತಿತು. ಮೇಜರ್ ಎನ್. ಬಿ. ಬ್ಯಾನರ್ಜಿಯವರ ನೇತೃತ್ವದ ಇನ್ನೊಂದು ಭಾಗ ದಕ್ಷಿಣದ ತೇಗು ನಗರದಲ್ಲಿ ಬೀಡುಬಿಟ್ಟಿತು.

ರಣರಂಗದ ಚಳಿಗಾಲವನ್ನು ನಮ್ಮ ನಾಡಿನವರು ಊಹಿಸುವುದೂ ಕಷ್ಟ. ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಇಪ್ಪತ್ತು ಡಿಗ್ರಿಗೂ ಕೆಳಗೆ ಇಳಿಯುವ ಶೀತ. ಗಾಯಾಳುವಿನ ನಾಳಕ್ಕೆ ಹರಿಸಬೇಕಾದ ರಕ್ತಸಾರವೇ ಸೀಸೆಯಲ್ಲಿ ಗಡ್ಡೆಕಟ್ಟುತ್ತಿತ್ತು. ಗುಂಡಿನ ಗಾಯದಷ್ಟೇ ಹಿಮದ ಕಡಿತವೂ ಕಾಲುಗಳನ್ನು ಕೊಳೆಸುತ್ತಿತ್ತು. ಡೇರೆಯೊಳಗೆ ಒಲೆಯುರಿಸಿ, ಲಾಂದ್ರದ ಬೆಳಕಿನಲ್ಲಿ, ದೂರದ ಫಿರಂಗಿಗಳ ಸದ್ದಿನ ನಡುವೆ ಕತ್ತಿ ಹಿಡಿಯುವುದು ಅಲ್ಲಿನ ನಿತ್ಯಕರ್ಮ.

1951ರ ಮಾರ್ಚ್ 23ರಂದು ಈ ದಳಕ್ಕೆ ತನ್ನ ಹೆಸರಿನಲ್ಲಿರುವ ಪ್ಯಾರಾಚೂಟ್ ಎಂಬ ಮಾತನ್ನು ಸಾರ್ಥಕಪಡಿಸುವ ದಿನ ಬಂದಿತು. ಸಿಯೋಲಿನ ವಾಯುವ್ಯದಲ್ಲಿ, ಇಮ್‌ಜಿನ್ ನದಿಯ ಹತ್ತಿರ ಮುನ್‌ಸನ್‌ನಿ ಎಂಬ ಊರು. ಹಿಂದೆ ಸರಿಯುತ್ತಿದ್ದ ಶತ್ರುಸೈನ್ಯದ ದಾರಿಯನ್ನು ಅಲ್ಲಿ ಕಡಿಯುವ ಉದ್ದೇಶದಿಂದ ಅಮೆರಿಕದ 187ನೆಯ ಛತ್ರಿದಳ ಆಕಾಶದಿಂದ ಇಳಿಯಿತು. ಮೂರು ಸಾವಿರಕ್ಕೂ ಮಿಕ್ಕ ಆ ಯೋಧರೊಡನೆ ಜಿಗಿದವರಲ್ಲಿ ಹನ್ನೆರಡು ಮಂದಿ ಭಾರತೀಯರಿದ್ದರು, ರಂಗರಾಜ್ ಅವರೂ ಅವರ ಶಸ್ತ್ರಚಿಕಿತ್ಸಾ ತಂಡದವರೂ. ಕರಾಚಿಯ ಮೇಲೆ ಮೊದಲ ಬಾರಿಗೆ ಬಾಗಿಲಿನ ಗಾಳಿಗೆ ಮೈಯೊಡ್ಡಿದ್ದ ವೈದ್ಯರು ಹತ್ತು ವರ್ಷಗಳ ತರುವಾಯ ಪರದೇಶದ ರಣಭೂಮಿಯ ಮೇಲೆ ಅದೇ ಗಾಳಿಗೆ ಮೈಯೊಡ್ಡಿದರು.

ಛತ್ರಿದಳದ ವೈದ್ಯನಿಗೆ ಮೊದಲ ರೋಗಿಗಳು ಶತ್ರುವಿನ ಗುಂಡಿನಿಂದ ಬರುವುದಿಲ್ಲ, ನೆಲದಿಂದ ಬರುತ್ತಾರೆ. ಇಳಿಯುವಾಗಲೇ ಕಾಲು ಮುರಿದವರು, ಬೆನ್ನು ನೊಂದವರು ಬಯಲಿನ ತುಂಬ ಚದುರಿರುತ್ತಾರೆ. ಅಂದೂ ಹಾಗೆಯೇ ಆಯಿತು. ಛತ್ರಿಯನ್ನು ಕಳಚಿದವರು ತಮ್ಮ ಪೆಟ್ಟಿಗೆಗಳನ್ನು ಹುಡುಕಿ ಜೋಡಿಸಿ ಚಿಕಿತ್ಸೆಯ ತಾಣವನ್ನು ತೆರೆದರು. ಬಹುಪಾಲು ಶತ್ರುಸೈನ್ಯ ಮೊದಲೇ ಜಾರಿಹೋಗಿದ್ದ ಕಾರಣ ದಂಡಯಾತ್ರೆಯ ಉದ್ದೇಶ ಪೂರ್ಣವಾಗಿ ಕೈಗೂಡಲಿಲ್ಲ. ವೈದ್ಯರ ಉದ್ದೇಶಕ್ಕೆ ಮಾತ್ರ ಅಂತಹ ಸೋಲು ಗೆಲುವುಗಳಿಲ್ಲ; ಬದುಕಿದ ಪ್ರತಿಯೊಬ್ಬನೂ ಅವರ ಜಯವೇ. ಮರುತಿಂಗಳು ಕಾಪ್ಯಾಂಗ್ ಕಣಿವೆಯಲ್ಲಿ ಆಸ್ಟ್ರೇಲಿಯನ್ನರೂ ಕೆನಡದವರೂ ಚೀನದ ಮಹಾಪ್ರವಾಹವನ್ನು ತಡೆದು ನಿಂತಾಗಲೂ ಅವರ ಬ್ರಿಗೇಡಿನ ಆಸ್ಪತ್ರೆ ಭಾರತೀಯರದೇ ಆಗಿತ್ತು.

ತೇಗುವಿನ ಸರತಿ

ತೇಗು ನಗರದಲ್ಲಿ ನಡೆದ ಕೆಲಸಕ್ಕೆ ವಿಮಾನಗಳ ವೈಭವವಿರಲಿಲ್ಲ. ಮನೆ ಕಳೆದುಕೊಂಡ ಲಕ್ಷಾಂತರ ಜನ ದಕ್ಷಿಣಕ್ಕೆ ಹರಿದು ಬಂದಿದ್ದರು. ಯುದ್ಧದ ಹಿಂದೆ ಎಂದಿನಂತೆ ರೋಗಗಳು ಬಂದವು. 1951ರಲ್ಲಿ ದಕ್ಷಿಣ ಕೊರಿಯದಲ್ಲಿ ಸಿಡುಬು ಒಂದೇ ನಲವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿಯಿತು, ವಿಷಮಜ್ವರಗಳು ಬೇರೆ. ಬ್ಯಾನರ್ಜಿಯವರ ತಂಡವು ಕೊರಿಯದ ಸೈನಿಕರಿಗೂ ಸಾಮಾನ್ಯ ಜನರಿಗೂ ಚಿಕಿತ್ಸೆ ಮಾಡುತ್ತ, ಸ್ಥಳೀಯ ವೈದ್ಯರಿಗೂ ದಾದಿಯರಿಗೂ ಕೆಲಸ ಕಲಿಸುತ್ತ ಆ ನಗರದಲ್ಲಿ ನಿಂತಿತು. ರಣರಂಗದ ರೋಗಿ ಒಂದೆರಡು ದಿನಗಳಲ್ಲಿ ಹಿಂದಿನ ಆಸ್ಪತ್ರೆಗೆ ಹೋಗುತ್ತಾನೆ. ತಾಯಿಯ ಕಂಕುಳಲ್ಲಿ ಬಂದ ಮಗುವಿಗೆ ಹಿಂದಿನ ಆಸ್ಪತ್ರೆಯಿಲ್ಲ. ಮಾರನೆಯ ದಿನವೂ ಅದೇ ಬಾಗಿಲಿಗೆ ಬರುತ್ತದೆ.

ಮೂರು ವರ್ಷಗಳಿಗೂ ಮಿಕ್ಕ ಅವಧಿಯಲ್ಲಿ ಈ ದಳದವರು ನೋಡಿಕೊಂಡ ರೋಗಿಗಳ ಸಂಖ್ಯೆ ಸುಮಾರು 2 ಲಕ್ಷ. ಮಾಡಿದ ಶಸ್ತ್ರಕ್ರಿಯೆಗಳು 2,300ಕ್ಕೂ ಹೆಚ್ಚು. ದಳದಲ್ಲಿ ಗಾಯಗೊಂಡವರಿದ್ದರು, ಪರದೇಶದ ಮಣ್ಣಿನಲ್ಲಿ ಪ್ರಾಣ ತೆತ್ತವರೂ ಇದ್ದರು. ರಂಗರಾಜ್ ಅವರಿಗೂ ಬ್ಯಾನರ್ಜಿಯವರಿಗೂ ಮಹಾವೀರ ಚಕ್ರ ದೊರೆಯಿತು. ಒಬ್ಬರು ಆಕಾಶದಿಂದ ಜಿಗಿದವರು, ಇನ್ನೊಬ್ಬರು ಸರತಿಯ ಸಾಲಿನ ಮುಂದೆ ಕುಳಿತವರು. ಇಬ್ಬರಿಗೂ ಒಂದೇ ಪದಕ ಸಂದುದು ಉಚಿತವಾಗಿಯೇ ಇದೆ.

ಕೊಡಗಿನ ಸೇನಾನಿ

1953ರ ಜುಲೈ 27ರಂದು ಕದನವಿರಾಮಕ್ಕೆ ಸಹಿ ಬಿದ್ದಿತು. ಒಪ್ಪಂದ ಎರಡು ವರ್ಷ ತಡವಾಗಲು ಮುಖ್ಯ ಕಾರಣ ಕೈದಿಗಳ ಪ್ರಶ್ನೆ. ಸ್ವದೇಶಕ್ಕೆ ಮರಳಲೊಲ್ಲದ ಕೈದಿಗಳನ್ನು ಏನು ಮಾಡಬೇಕು? ತಟಸ್ಥ ರಾಷ್ಟ್ರಗಳ ಆಯೋಗವೊಂದು ಅವರನ್ನು ವಹಿಸಿಕೊಂಡು ಅವರ ಇಚ್ಛೆಯನ್ನು ವಿಚಾರಿಸಬೇಕೆಂದು ತೀರ್ಮಾನವಾಯಿತು. ಅದರ ಅಧ್ಯಕ್ಷತೆ ಭಾರತಕ್ಕೆ ಬಂದಿತು. ಆ ಸ್ಥಾನದಲ್ಲಿ ಕುಳಿತವರು ಮಡಿಕೇರಿಯಲ್ಲಿ ಹುಟ್ಟಿದ ಲೆಫ್ಟಿನೆಂಟ್ ಜನರಲ್ ಕೆ. ಎಸ್. ತಿಮ್ಮಯ್ಯನವರು. ಕೈದಿಗಳ ಕಾವಲಿಗೆ ಮೇಜರ್ ಜನರಲ್ ಥೋರಾಟರ ನೇತೃತ್ವದಲ್ಲಿ ಭಾರತೀಯ ಪಡೆ ಹೋಯಿತು. ತನ್ನ ನೆಲದ ಮೇಲೆ ಆ ಪಡೆ ಕಾಲಿಡಕೂಡದೆಂದು ದಕ್ಷಿಣ ಕೊರಿಯದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದುದರಿಂದ, ಸಾವಿರಾರು ಜವಾನರನ್ನು ಹಡಗಿನಿಂದ ಹೆಲಿಕಾಪ್ಟರುಗಳಲ್ಲಿ ಎತ್ತಿ ನಿಸ್ಸೈನಿಕ ವಲಯದಲ್ಲಿ ಇಳಿಸಬೇಕಾಯಿತು.

ಆದರೆ ಒಂದು ಭಾರತೀಯ ದಳ ಆಗಲೇ ಆ ನೆಲದಲ್ಲಿ ಮೂರು ಚಳಿಗಾಲಗಳನ್ನು ಕಂಡಿತ್ತು. 60ನೆಯ ಫೀಲ್ಡ್ ಆಂಬುಲೆನ್ಸು ತಿಮ್ಮಯ್ಯನವರ ಕಾರ್ಯಕ್ಕೆ ಜೊತೆಗೂಡಿತು. ಮರಳಲೊಲ್ಲದೆ ಉಳಿದ ಕೈದಿಗಳು 22 ಸಾವಿರಕ್ಕೂ ಹೆಚ್ಚು. ಬಹುಪಾಲು ಚೀನ ಮತ್ತು ಉತ್ತರ ಕೊರಿಯದ ಸೈನಿಕರು. ಯಾರ ಗುಂಡಿನ ಗಾಯಗಳನ್ನು ಇಷ್ಟು ಕಾಲ ಹೊಲಿದಿದ್ದರೋ, ಆ ಗುಂಡು ಹಾರಿಸಿದ ಸೈನ್ಯದವರೇ ಈಗ ರೋಗಿಗಳು! ಗಾಯಾಳು ಯಾವ ಪಕ್ಷದವನೆಂದು ನೋಡಕೂಡದೆಂಬುದು 1949ರ ಜಿನೀವಾ ಒಪ್ಪಂದದ ವಿಧಿ. ವಿಧಿಯನ್ನು ಓದುವುದು ಸುಲಭ. ಒಂದೇ ದಳ ಒಂದೇ ನೆಲದಲ್ಲಿ ಇಬ್ಬರಿಗೂ ಪಟ್ಟಿ ಕಟ್ಟಿ ಅದನ್ನು ಬಾಳಿ ತೋರಿಸುವುದು ಅಪರೂಪ. ಭಾರತ ಬಂದೂಕು ಹೊತ್ತು ಹೋಗಿದ್ದರೆ ತಿಮ್ಮಯ್ಯನವರು ಆ ಆಯೋಗದ ಪೀಠದಲ್ಲಿ ಕೂಡುವಂತಿರಲಿಲ್ಲ. ಅರೆಮನಸ್ಸಿನ ನೆರವೇ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ಕಾಲಾನಂತರ

1954ರಲ್ಲಿ ದಳವು ಸ್ವದೇಶಕ್ಕೆ ಮರಳಿತು. ಮರುವರ್ಷ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಅದಕ್ಕೆ ವಿಶೇಷ ಪಾರಿತೋಷಕವನ್ನು ಪ್ರದಾನ ಮಾಡಿದರು. ರಂಗರಾಜ್ ಅವರ ಕೈಗೆ ಸೈನ್ಯ ಬಿಟ್ಟ ಮೇಲೂ ವಿರಾಮ ದೊರೆಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಅಫ್ಘಾನಿಸ್ತಾನದ ಬೆಟ್ಟಗಾಡಿನಲ್ಲಿ ಸಿಡುಬಿನ ನಿರ್ಮೂಲನಕ್ಕೆ ಅವರು ದುಡಿದರು. 1970ರ ದಶಕದ ಆರಂಭದಲ್ಲಿ ಆ ನಾಡಿನಿಂದ ಸಿಡುಬು ತೊಲಗಿತು. 1980ರಲ್ಲಿ ಲೋಕದಿಂದಲೇ ತೊಲಗಿತೆಂದು ಘೋಷಣೆಯಾಯಿತು. 2020ರ ಜುಲೈಯಲ್ಲಿ ದಕ್ಷಿಣ ಕೊರಿಯ ಸರ್ಕಾರ ಅವರನ್ನು ಆ ತಿಂಗಳ ಯುದ್ಧವೀರರೆಂದು ಸ್ಮರಿಸಿತು. 2021ರ ಮಾರ್ಚಿಯಲ್ಲಿ ದೆಹಲಿಯ ದಂಡುಪ್ರದೇಶದಲ್ಲಿ ತೆರೆದ ಭಾರತ-ಕೊರಿಯ ಮೈತ್ರಿ ಉದ್ಯಾನದಲ್ಲಿ ತಿಮ್ಮಯ್ಯನವರ ಪ್ರತಿಮೆಯೂ ಈ ದಳದ ಕಾರ್ಯವನ್ನು ಹೇಳುವ ಸ್ತಂಭಗಳೂ ನಿಂತಿವೆ.

ದಳವಾದರೋ ಸ್ತಂಭದಲ್ಲಿ ಕೆತ್ತಿಸಿಕೊಂಡು ಸುಮ್ಮನೆ ಕುಳಿತಿಲ್ಲ. ಆಗ್ರಾದಲ್ಲಿ ನೆಲೆಸಿರುವ ಅದರ ಈಗಿನ ಹೆಸರು 60 ಪ್ಯಾರಾ ಫೀಲ್ಡ್ ಹಾಸ್ಪಿಟಲ್. 2023ರ ಫೆಬ್ರವರಿ 6ರಂದು ತುರ್ಕಿಯಲ್ಲಿ ಭೂಮಿ ನಡುಗಿ ಊರಿಗೆ ಊರೇ ಕುಸಿದಾಗ, ಈ ದಳದ 99 ಮಂದಿ ತಮ್ಮ ಪೆಟ್ಟಿಗೆಗಳೊಡನೆ ವಿಮಾನವೇರಿದರು. ಇಸ್ಕೆಂಡೆರುನ್ ನಗರದಲ್ಲಿ 30 ಹಾಸಿಗೆಗಳ ಆಸ್ಪತ್ರೆಯನ್ನು ತೆರೆದು, ಎರಡು ವಾರದೊಳಗೆ ಮೂರೂವರೆ ಸಾವಿರಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆ ನೀಡಿದರು. 2025ರ ಮಾರ್ಚಿಯ ಕೊನೆಯಲ್ಲಿ ಬರ್ಮಾದ ಭೂಕಂಪಕ್ಕೆ ಸಿಕ್ಕಿದ ಮಾಂಡಲೆ ನಗರಕ್ಕೂ ಅದೇ ಛತ್ರಿ ಬ್ರಿಗೇಡಿನ 118 ಮಂದಿಯ ವೈದ್ಯಕೀಯ ತಂಡ ಧಾವಿಸಿತು. ಎಂಬತ್ತು ವರ್ಷಗಳ ಹಿಂದೆ ಅವರ ಹಿರಿಯರು ಸೈನಿಕರ ಗಾಯ ಕಟ್ಟಿದ ನಾಡಿಗೆ ಈ ಸಲ ಅವರು ಹೋದುದು ಮನೆ ಕುಸಿದವರ ಗಾಯ ಕಟ್ಟಲು.

ಬೆಂಗಳೂರಿನ ಬೀದಿಯಲ್ಲಿ ಕೆಂಗಂದು ಟೊಪ್ಪಿಗೆಯ ಯೋಧನನ್ನು ಕಂಡಾಗ ಮಕ್ಕಳು ಬೆರಳು ತೋರಿಸಿ, ಇವರು ಆಕಾಶದಿಂದ ಜಿಗಿಯುವವರಲ್ಲವೇ ಎಂದು ಕೇಳುವುದುಂಟು. ಹೌದೆಂದು ಹೇಳುವ ತಂದೆತಾಯಿಗಳು ಒಂದು ಮಾತನ್ನು ಕೂಡಿಸಿ ಹೇಳಬಹುದು: ಅವರಲ್ಲಿ ಕೆಲವರು ಜಿಗಿಯುವುದು ಕೆಳಗೆ ಬಿದ್ದವನನ್ನು ಎತ್ತುವುದಕ್ಕಾಗಿ, ಮತ್ತು ಅವರು ತಮ್ಮ ಮದ್ದಿನ ಪೆಟ್ಟಿಗೆಯನ್ನು ಎಲ್ಲಿಯೂ ಬಿಟ್ಟುಬರುವುದಿಲ್ಲ.